ಚಿತ್ರಸೂತ್ರದ ‘ವರ್ಣಾಢ್ಯತೆ’

ಆಚಾರ್ಯರು ರೇಖೆಯನ್ನೂ ವಿಚಕ್ಷಣರು ವರ್ತನೆಯನ್ನೂ ಸ್ತ್ರೀಯರು ಭೂಷಣವನ್ನೂ ಇತರರು ವರ್ಣಾಢ್ಯತೆಯನ್ನೂ ಮೆಚ್ಚುವರೆಂದು ವಿಷ್ಣುಧರ್ಮೋತ್ತರದ ತೃತೀಯಖಂಡದ ಚಿತ್ರಸೂತ್ರವು ಹೇಳುತ್ತದೆ. (ಸ್ತ್ರೀಯರ ಮಾತು ಆ ಕಾಲದ ರೂಢಿ, ಅದು ಹಾಗಿರಲಿ.) ಇದರಿಂದ ಗ್ರಂಥಕಾರನು ಬಣ್ಣವನ್ನೇ ಹೀಗಳೆದನೆಂದು ಪಾಠಹೇಳುವುದು ಸಾಧುವಲ್ಲ. ಅಲ್ಲಿ ಕಡೆಗೆ ಬಿದ್ದುದು ವರ್ಣವಲ್ಲ, ಆಢ್ಯತೆ. ಎಂದರೆ ಬಣ್ಣದ ಸಿರಿವಂತಿಕೆ. ಮೂಲವರ್ಣಗಳು 5 ಆದರೂ ಮಿಶ್ರವರ್ಣಗಳಿಗೆ ಎಣಿಕೆಯಿಲ್ಲ, ಅವನ್ನು ಚಿತ್ರಕನು ಸ್ವಬುದ್ಧಿಯಿಂದಲೇ ಕಲ್ಪಿಸತಕ್ಕುದೆಂದು ಅದೇ ಗ್ರಂಥವು ವಿಧಿಸುತ್ತದೆಯಷ್ಟೆ. ವರ್ತನೆಯಾದರೋ ಪತ್ರಜ, ಐರಿಕ, ಬಿಂದುಜವೆಂದು ಮೂರು ಬಗೆ: ಎಲೆಯಾಕಾರದ ಗೆರೆ, ಅತಿಸೂಕ್ಷ್ಮವಾದ ಗೆರೆ, ಚುಕ್ಕೆ. ದುಂಡುಗಣ್ಣಿನ ದೈತ್ಯನನ್ನಾಗಲಿ ಮಾಲೆ ಧರಿಸಿದ ವಿದ್ಯಾಧರನನ್ನಾಗಲಿ ಕಣ್ಣಾರೆ ಕಂಡವರಾರು? ಕಾಣದ ಮೈಯನ್ನು ನಂಬಿಸತಕ್ಕುದು ಉಬ್ಬುತಗ್ಗುಗಳನ್ನು ತೋರುವ ಈ ನೆರಳುಬೆಳಕೇ. ನಿಮ್ನೋನ್ನತವಿಭಾಗವನ್ನು ಬಲ್ಲವನೇ ಚಿತ್ರವಿದನೆಂಬ ಮಾತೂ ಅಲ್ಲಿಯೇ ಉಂಟು.