ಮುಲ್ಲರ್ ವರದಿಯ ಎರಡನೆಯ ಸಂಪುಟ: ತರ್ಕ ಮತ್ತು ಮೌನ

ಅಮೆರಿಕದ ಅಧ್ಯಕ್ಷರೊಬ್ಬರು ತಮ್ಮ ಮೇಲೆಯೇ ನಡೆಯುತ್ತಿರುವ ತನಿಖೆಯಲ್ಲಿ ಕೈಯಾಡಿಸಿದರೆ ಅದು ನ್ಯಾಯಕ್ಕೆ ಒಡ್ಡಿದ ಅಡ್ಡಿಯಾಗುತ್ತದೆಯೇ ಎಂಬ ಪ್ರಶ್ನೆಯನ್ನು, 2019ರ ಏಪ್ರಿಲ್ 18ರಂದು ಬಹಿರಂಗಗೊಂಡ, ವಿಶೇಷ ಅಭಿಯೋಜಕ ರಾಬರ್ಟ್ ಮುಲ್ಲರ್ ಅವರ ವರದಿಯ ಎರಡನೆಯ ಸಂಪುಟವು ಕೂಲಂಕಷವಾಗಿ ಬಿಡಿಸಿ ನೋಡಿ, ಕೊನೆಯ ಉತ್ತರವನ್ನು ಮಾತ್ರ ಹೇಳದೆ ಬಿಟ್ಟಿದೆ. ಅಲ್ಲಿನ ಕಾನೂನಿನ ಪ್ರಕಾರ ಈ ಅಪರಾಧಕ್ಕೆ ಮೂರು ಅಂಶಗಳು ಕೂಡಿಬರಬೇಕು: ಅಡ್ಡಿಪಡಿಸುವ ಕೃತ್ಯ, ಆ ಕೃತ್ಯಕ್ಕೂ ಅಧಿಕೃತ ವಿಚಾರಣೆಗೂ ಇರುವ ನಂಟು, ಹಾಗೂ ಭ್ರಷ್ಟ ಉದ್ದೇಶ, ಎಂದರೆ ಹುದ್ದೆಯ ಹೊಣೆಗೆ ವಿರುದ್ಧವಾಗಿ ತನಗೋ ಇತರರಿಗೋ ಸಲ್ಲದ ಲಾಭವನ್ನು ದೊರಕಿಸುವ ಮನಸ್ಸು.

ಅಧಿಕಾರಿಗಳನ್ನು ತೆಗೆದುಹಾಕುವುದು ಸಂವಿಧಾನವೇ ಅಧ್ಯಕ್ಷರಿಗೆ ಕೊಟ್ಟ ಅಧಿಕಾರವಾದ್ದರಿಂದ ಅದರ ಚಲಾವಣೆ ಅಪರಾಧವಾಗದು ಎಂದು ವಿಲಿಯಂ ಬಾರ್ ಅಟಾರ್ನಿ ಜನರಲ್ ಆಗುವುದಕ್ಕೆ ಮೊದಲೇ, 2018ರ ಜೂನ್‌ನಲ್ಲಿ, ಟಿಪ್ಪಣಿಯೊಂದರಲ್ಲಿ ವಾದಿಸಿದ್ದರು. ಆದರೆ ಸಾಕ್ಷ್ಯವನ್ನು ನಾಶಪಡಿಸುವುದು, ಸುಳ್ಳುಸಾಕ್ಷ್ಯಕ್ಕೆ ಪ್ರೇರೇಪಿಸುವುದು ಅಧ್ಯಕ್ಷರಿಗೂ ಅಪರಾಧವೇ ಎಂದು ಅವರೂ ಒಪ್ಪಿದ್ದರು. ವರದಿಯ ಮರುತ್ತರ ಗಟ್ಟಿಯಾಗಿದೆ. ಕಾನೂನುಗಳನ್ನು ನಿಷ್ಠೆಯಿಂದ ಜಾರಿಗೊಳಿಸುವ ಹೊಣೆಯನ್ನೂ ಅದೇ ಸಂವಿಧಾನ ಹೊರಿಸಿರುವಾಗ, ಸ್ವಂತ ರಕ್ಷಣೆಗಾಗಿ ಆ ಅಧಿಕಾರವನ್ನು ಬಳಸಬಾರದೆಂಬ ನಿರ್ಬಂಧದಿಂದ ಹುದ್ದೆಗೆ ಕುಂದು ಬರುವುದಿಲ್ಲ. ತೀರ್ಪು ಕೊಡುವ ಅಧಿಕಾರವುಳ್ಳ ನ್ಯಾಯಾಧೀಶರು ಲಂಚ ಪಡೆದು ತೀರ್ಪಿತ್ತರೆ ಅವರ ಅಧಿಕಾರವೇ ಅವರನ್ನು ಕಾಪಾಡದು ಎಂಬುದನ್ನು ನೆನೆದರೆ, ಬಾರ್ ಅವರ ವಾದ ಎಲ್ಲಿ ಸೋಲುತ್ತದೆಂಬುದು ಕಾಣುತ್ತದೆ.

ಸಂಪುಟದ ಜೀವಾಳವಿರುವುದು ಶ್ವೇತಭವನದ ಕಾನೂನು ಸಲಹೆಗಾರ ಡಾನ್ ಮ್ಯಾಕ್‌ಗಾನ್ ಅವರ ಪ್ರಸಂಗದಲ್ಲಿ. 2017ರ ಜೂನ್ 17ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್, ಮ್ಯಾಕ್‌ಗಾನ್ ಅವರ ಮನೆಗೇ ಕರೆ ಮಾಡಿ ಮುಲ್ಲರ್ ಅವರನ್ನು ತೆಗೆಸುವಂತೆ ಸೂಚಿಸಿದರು, ಮ್ಯಾಕ್‌ಗಾನ್ ಅದನ್ನು ಪಾಲಿಸಲಿಲ್ಲ; ಮುಂದಿನ ವರ್ಷ ಈ ಸಂಗತಿ ಪತ್ರಿಕೆಯಲ್ಲಿ ಬಂದಾಗ, ಅಂಥ ಸೂಚನೆಯೇ ಇರಲಿಲ್ಲವೆಂದು ಬರಹದಲ್ಲಿ ದಾಖಲಿಸುವಂತೆ ಟ್ರಂಪ್ ಮ್ಯಾಕ್‌ಗಾನ್ ಮೇಲೆ ಒತ್ತಡ ತಂದರು. ಮೊದಲ ಭಾಗವನ್ನು ವಜಾ ಮಾಡುವ ಅಧಿಕಾರದ ಹೆಸರಿನಲ್ಲಿ ಸಮರ್ಥಿಸಬಹುದೇನೋ, ಆದರೆ ಸುಳ್ಳು ದಾಖಲೆ ಸೃಷ್ಟಿಸುವ ಅಧಿಕಾರವನ್ನು ಯಾವ ಸಂವಿಧಾನವೂ ಯಾರಿಗೂ ಕೊಟ್ಟಿಲ್ಲ, ಮತ್ತು ಬಾರ್ ತಾವೇ ಒಪ್ಪಿಕೊಂಡ ಮಿತಿಯನ್ನು ಆ ಒತ್ತಡ ಮೀರುತ್ತದೆ.

ಇಷ್ಟಿದ್ದೂ ವರದಿ ಅಧ್ಯಕ್ಷರು ಅಪರಾಧವೆಸಗಿದ್ದಾರೆಂದು ಹೇಳಲಿಲ್ಲ, ನಿರ್ದೋಷಿಯೆಂದೂ ಹೇಳಲಿಲ್ಲ. ಹುದ್ದೆಯಲ್ಲಿರುವ ಅಧ್ಯಕ್ಷರ ಮೇಲೆ ಮೊಕದ್ದಮೆ ಹೂಡಲಾಗದೆಂಬುದು ನ್ಯಾಯ ಇಲಾಖೆಯ ನಿಲುವಾದ್ದರಿಂದ, ಆರೋಪವನ್ನು ಅಲ್ಲಗಳೆಯಲು ನ್ಯಾಯಾಲಯವೇ ಸಿಗದವರ ಮೇಲೆ ಆರೋಪ ಹೊರಿಸುವುದು ಅನ್ಯಾಯ ಎಂಬುದು ಅದು ಕೊಟ್ಟ ಕಾರಣ. ಈ ಸಂಕೋಚ ಪ್ರಾಮಾಣಿಕವಾದದ್ದು, ಪರಿಣಾಮ ಮಾತ್ರ ದುಬಾರಿಯಾದದ್ದು. ಏಕೆಂದರೆ ತೆರವಾಗಿ ಉಳಿದ ಆ ಜಾಗವನ್ನು, ವರದಿ ಜನರ ಕೈಸೇರುವ ಮುನ್ನವೇ, ಮಾರ್ಚ್ 24ರ ಪತ್ರದಲ್ಲಿ, ಅಷ್ಟರಲ್ಲಿ ಅಟಾರ್ನಿ ಜನರಲ್ ಆಗಿದ್ದ ಬಾರ್ ಅವರೇ ಸಾಕ್ಷ್ಯ ಸಾಲದೆಂದು ಬರೆದು ತುಂಬಿದರು. 1974ರ ಜುಲೈ 27ರಂದು ಪ್ರತಿನಿಧಿ ಸಭೆಯ ನ್ಯಾಯಾಂಗ ಸಮಿತಿ ಅಂದಿನ ಅಧ್ಯಕ್ಷ ರಿಚರ್ಡ್ ನಿಕ್ಸನ್ ವಿರುದ್ಧ ನ್ಯಾಯಕ್ಕೆ ಅಡ್ಡಿಪಡಿಸಿದ ಆರೋಪವನ್ನು 27–11 ಮತಗಳಿಂದ ಅಂಗೀಕರಿಸಿದಾಗ ಇಂಥ ಹಿಂಜರಿಕೆ ಇರಲಿಲ್ಲ.

2024ರ ಜುಲೈ 1ರಂದು ಟ್ರಂಪ್ ಅವರದೇ ಪ್ರಕರಣದಲ್ಲಿ ಕೊಟ್ಟ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ನ್ಯಾಯ ಇಲಾಖೆಯೊಂದಿಗೆ ಅಧ್ಯಕ್ಷರು ನಡೆಸುವ ಸಮಾಲೋಚನೆಗೆ ಮೊಕದ್ದಮೆಯಿಂದ ಸಂಪೂರ್ಣ ರಕ್ಷಣೆ ನೀಡಿ, ಅಧಿಕೃತ ಕೃತ್ಯಗಳ ಹಿಂದಿನ ಉದ್ದೇಶವನ್ನು ನ್ಯಾಯಾಲಯಗಳು ಕೆದಕಬಾರದೆಂದಿತು. ಉದ್ದೇಶವೇ ಅಪರಾಧದ ತಿರುಳಾಗಿರುವಾಗ ಅದನ್ನೇ ಪರಿಶೀಲನೆಯಿಂದ ಹೊರಗಿಟ್ಟ ಈ ತೀರ್ಪು ಸಂಪುಟದ ತರ್ಕವನ್ನು ಖಂಡಿಸುವುದಕ್ಕಿಂತ ಹೆಚ್ಚಾಗಿ ನಿರುಪಯೋಗಿಯಾಗಿಸಿದೆ. ಮ್ಯಾಕ್‌ಗಾನ್ ಪ್ರಸಂಗದ ಎರಡನೆಯ ಭಾಗ ಆ ರಕ್ಷಣೆಯ ಒಳಗೆ ಬರುತ್ತದೆಯೋ ಇಲ್ಲವೋ ಎಂಬುದನ್ನು ಯಾವ ನ್ಯಾಯಾಲಯವೂ ತೀರ್ಮಾನಿಸಿಲ್ಲ.