ಹರ್ನನ ‘ಸಯೊನಾರ’: ಒಂದು ಬೀಳ್ಕೊಡುಗೆಯ ವಿಮರ್ಶೆ

ಉಪಾಧ್ಯಾಯನೊಬ್ಬನು ಒಂದೂರನ್ನು ಬಿಟ್ಟು ಇನ್ನೊಂದೂರಿಗೆ ಹೋಗುವುದು ಲೋಕದಲ್ಲಿ ದೊಡ್ಡ ಸಂಗತಿಯೇನೂ ಅಲ್ಲ. ಆದರೆ ಮೇಲಿನವರ ಆಜ್ಞೆಯಿಂದ ವರ್ಗವಾಗಿ ಹೋಗುವುದು ಬೇರೆ. ಹೆಚ್ಚಿನ ಸಂಬಳದ ಕರೆಗೆ ಓಗೊಟ್ಟು ತಾನಾಗಿಯೇ ಹೊರಡುವುದು ಬೇರೆ. ಮೊದಲನೆಯದರಲ್ಲಿ ಹೋಗುವವನೂ ಉಳಿಯುವವರೂ ಒಂದೇ ದುಃಖಕ್ಕೆ ಪಾಲುಗಾರರು. ಎರಡನೆಯದರಲ್ಲಿ ಅಗಲಿಕೆಯನ್ನು ತಂದುಕೊಂಡವನೂ ಅದಕ್ಕಾಗಿ ಕಣ್ಣೀರಿಡುವವನೂ ಒಬ್ಬನೇ ಆಗಿರುತ್ತಾನೆ. ಇಂತಹವನು ತನ್ನ ಬೀಳ್ಕೊಡುಗೆಯನ್ನು ತಾನೇ ಬರೆಯಲು ಕುಳಿತರೆ ಏನನ್ನು ಹೇಳಬೇಕು, ಏನನ್ನು ಬಿಡಬೇಕು? ಕನ್ನಡ ಮನೆಗಳಿಂದಲೂ ಪಾಠ ಹೇಳುವುದಕ್ಕಾಗಿ ಹೊರದೇಶಗಳಿಗೆ ಹೋಗುವವರು ಇಂದು ಇರುವುದರಿಂದ, ಈ ಪ್ರಶ್ನೆಯು ವಾಚಕರಿಗೆ ತೀರ ದೂರದ್ದೆಂದು ತೋರಲಾರದು. ಇದನ್ನು ವಿಚಾರಿಸುವುದಕ್ಕೆ ಲಾಫ್ಕಾಡಿಯೋ ಹರ್ನನ ‘ಸಯೊನಾರ’ ಎಂಬ ಪ್ರಬಂಧವು ತಕ್ಕ ನಿದರ್ಶನವಾಗಿದೆ. ‘ಸಯೊನಾರ’ ಎಂದರೆ ಜಪಾನೀ ಭಾಷೆಯಲ್ಲಿ ಬೀಳ್ಕೊಳ್ಳುವಾಗ ಆಡುವ ಮಾತು.

ಹರ್ನನು 1850ರಲ್ಲಿ ಗ್ರೀಸಿನ ಲೆಫ್ಕಾಡ ದ್ವೀಪದಲ್ಲಿ ಹುಟ್ಟಿದನು. ಐರ್ಲೆಂಡಿನಲ್ಲಿ ಬೆಳೆದು, ಅಮೆರಿಕದಲ್ಲಿ ಪತ್ರಿಕೆಗಳಿಗೆ ಬರೆದು ಜೀವನ ಮಾಡಿದನು. 1890ರಲ್ಲಿ ಒಂದು ಅಮೆರಿಕನ್ ಪತ್ರಿಕೆಯ ಪರವಾಗಿ ಜಪಾನಿಗೆ ಬಂದನು. ತನ್ನ ಜೊತೆಗೆ ಬಂದ ಚಿತ್ರಗಾರನಿಗೆ ತನಗಿಂತ ಹೆಚ್ಚು ಹಣ ಗೊತ್ತಾಗಿದೆಯೆಂದು ತಿಳಿಯುತ್ತಲೇ ಸಿಟ್ಟಾಗಿ ಆ ಒಡಂಬಡಿಕೆಯನ್ನು ಹರಿದುಹಾಕಿದನು. ಹಣಕ್ಕಿಂತಲೂ ಮಾನದ ಪ್ರಶ್ನೆಯಾಗಿ ಅವನಿಗೆ ಇದು ತೋರಿದ್ದಿರಬೇಕು. ಆಗ ಟೋಕಿಯೋದಲ್ಲಿ ಪ್ರಾಧ್ಯಾಪಕನಾಗಿದ್ದ ಬೇಸಿಲ್ ಹಾಲ್ ಚೇಂಬರ್ಲೇನನ ನೆರವಿನಿಂದ, ಪಶ್ಚಿಮ ಕರಾವಳಿಯ ಇಜುಮೊ ಸೀಮೆಯ ಮಾತ್ಸುಎ ಎಂಬ ಪಟ್ಟಣದಲ್ಲಿ ಇಂಗ್ಲಿಷ್ ಉಪಾಧ್ಯಾಯನ ಕೆಲಸವು ಅವನಿಗೆ ದೊರಕಿತು. ತಿಂಗಳಿಗೆ 100 ಯೆನ್ ಸಂಬಳ. ಮೇಯ್ಜಿ ಕಾಲದ ಜಪಾನು ಪಾಶ್ಚಾತ್ಯ ವಿದ್ಯೆಯನ್ನು ಬೇಗನೆ ಕಲಿಯಬೇಕೆಂದು ಇಂತಹ ಪರದೇಶೀಯರನ್ನು ಕರಾರಿನ ಮೇಲೆ ಕರೆಸಿ, ಸ್ವದೇಶೀಯರಿಗಿಂತ ಎಷ್ಟೋ ಹೆಚ್ಚಿನ ವೇತನವನ್ನು ಕೊಡುತ್ತಿತ್ತು.

ಮಾತ್ಸುಎಯಲ್ಲಿ ಅವನು ಇದ್ದುದು ಸುಮಾರು ಹದಿನೈದು ತಿಂಗಳು. 1891ರ ನವೆಂಬರಿನಲ್ಲಿ, ಶಾಲೆಯ ವರ್ಷದ ನಡುವೆಯೇ, ಅವನು ರಾಜೀನಾಮೆ ಕೊಟ್ಟು ದಕ್ಷಿಣದ ಕ್ಯೂಷು ದ್ವೀಪದ ಕುಮಾಮೊತೊವಿಗೆ ಹೊರಟುಹೋದನು. ಅಲ್ಲಿಯ ಸರ್ಕಾರಿ ಉಚ್ಚ ಶಾಲೆಯಲ್ಲಿ ಸಂಬಳ 200 ಯೆನ್, ಎಂದರೆ ಮೊದಲಿನದರ ಇಮ್ಮಡಿ. ಈ ಕೆಲಸಕ್ಕೂ ಚೇಂಬರ್ಲೇನನೇ ದಾರಿ ಮಾಡಿಕೊಟ್ಟನು. ಮಾತ್ಸುಎಯ ಚಳಿಗಾಲವು ಹರ್ನನ ಮೈಗೆ ಒಗ್ಗಿರಲಿಲ್ಲವೆಂಬುದೂ ನಿಜವೇ. ಅದಕ್ಕಿಂತ ಮುಖ್ಯವಾಗಿ, ಆ ಊರಿನಲ್ಲಿ ಅವನು ಬಡತನಕ್ಕಿಳಿದ ಸಾಮುರಾಯ್ ಮನೆತನದ ಸೆತ್ಸು ಎಂಬವಳ ಕೈಹಿಡಿದಿದ್ದನು. ಆಕೆಯ ಹಿರಿಯರ ಪೋಷಣೆಯೂ ಅವನ ಮೇಲೆಯೇ ಬಿದ್ದಿತ್ತು. ಒಬ್ಬಂಟಿಯಾಗಿ ಬಂದವನು ಒಂದು ದೊಡ್ಡ ಸಂಸಾರದ ಯಜಮಾನನಾಗಿ ಹೊರಟನು. ಇಷ್ಟು ಹೊರೆಯನ್ನು ಹೊತ್ತ ಗೃಹಸ್ಥನು ಇಮ್ಮಡಿ ಸಂಬಳದ ಕೆಲಸವನ್ನು ಒಪ್ಪಿಕೊಂಡರೆ ಅದನ್ನು ಲೋಭವೆನ್ನುವುದಕ್ಕೆ ನಮಗೆ ನಾಲಗೆ ಏಳುವುದಿಲ್ಲ. ಹರ್ನನ ನಡತೆಯ ಮೇಲೆ ತೀರ್ಪು ಕೊಡುವುದು ಈ ಲೇಖನದ ಉದ್ದೇಶವೂ ಅಲ್ಲ. ನಮಗೆ ಬೇಕಾದುದು ಅವನ ಬರಹ.

‘ಗ್ಲಿಂಪ್ಸಸ್ ಆಫ್ ಅನ್‌ಫೆಮಿಲಿಯರ್ ಜಪಾನ್’ ಎಂಬ ಅವನ ಗ್ರಂಥವು ಎರಡು ಸಂಪುಟಗಳಾಗಿ 1894ರಲ್ಲಿ ಪ್ರಕಟವಾಯಿತು. ‘ಸಯೊನಾರ’ ಅದರ ಕೊನೆಯ ಪ್ರಬಂಧ. ತಾನು ಬಹುದೂರ ಹೋಗುತ್ತಿರುವುದಾಗಿಯೂ, ಕೆಲಸವನ್ನು ಬಿಟ್ಟದ್ದಾಗಿಯೂ, ಒಳನಾಡಿನ ಪ್ರಯಾಣಕ್ಕೆ ಬೇಕಾದ ಸರ್ಕಾರದ ರಹದಾರಿಗಾಗಿ ಕಾದಿರುವುದಾಗಿಯೂ ಲೇಖಕನು ಆರಂಭದಲ್ಲಿಯೇ ತಿಳಿಸುತ್ತಾನೆ. ಬಳಿಕ ಕಾಣಿಕೆಗಳು ಬರುತ್ತವೆ. ಸಹೋದ್ಯೋಗಿಗಳು ದೊಡ್ಡ ಹೂದಾನಿಗಳ ಜೋಡಿಯನ್ನೂ, ಹುಡುಗರು ಒಂದು ಹಳೆಯ ಕತ್ತಿಯನ್ನೂ ಕೊಡುತ್ತಾರೆ. ವಿದ್ಯಾರ್ಥಿಗಳ ಬಿನ್ನವತ್ತಳೆಯನ್ನೂ ಅದಕ್ಕೆ ತಾನು ಕೊಟ್ಟ ಉತ್ತರವನ್ನೂ ಹರ್ನನು ಎತ್ತಿ ಬರೆದಿದ್ದಾನೆ. ಔತಣ ನಡೆಯುತ್ತದೆ. ಹೊರಡುವ ದಿನ ಬೆಳಗ್ಗೆ ಹುಡುಗರು ಗುಂಪುಗೂಡಿ ಅವನನ್ನು ಹಡಗುಕಟ್ಟೆಯವರೆಗೆ ಕಳುಹಿಸಿಬರುತ್ತಾರೆ. ಹಡಗು ದೂರ ಸರಿದಂತೆ ಊರು, ಸರೋವರ, ಬೆಟ್ಟಗಳು ಕಣ್ಣಿನಿಂದ ಮರೆಯಾಗಿ ನೆನಪುಗಳಾಗುತ್ತವೆ. ಇಲ್ಲಿಗೆ ಪ್ರಬಂಧವೂ, ಗ್ರಂಥವೂ ಮುಗಿಯುತ್ತವೆ.

ಇದರ ಸೊಗಸನ್ನು ಅಲ್ಲಗಳೆಯುವವನು ಅರಸಿಕನೇ ಸರಿ. ಕೊಡುವವರ ಕೈಯನ್ನು ವರ್ಣಿಸುವುದರಲ್ಲಿ ಹರ್ನನಿಗೆ ಸಮಾನರು ವಿರಳ. ಆ ಜನರ ಸೌಜನ್ಯ, ಮಾತಿನ ಮಿತ, ಮುಖದಲ್ಲಿ ದುಃಖವನ್ನು ತೋರಗೊಡದ ಸಂಯಮ, ಇವೆಲ್ಲವೂ ವಾಚಕನ ಮನಸ್ಸನ್ನು ತೊಯ್ಯಿಸುತ್ತವೆ. ಆದರೂ ಎರಡನೆಯ ಸಲ ಓದಿದಾಗ ಒಂದು ಕೊರತೆ ಕಾಣಬರುತ್ತದೆ. ಇವನು ಏಕೆ ಹೋಗುತ್ತಿದ್ದಾನೆ? ಇಷ್ಟು ಪ್ರೀತಿಸುವ ಜನರನ್ನು ಬಿಡುವಂತೆ ಇವನನ್ನು ಯಾರು ಬಲಾತ್ಕರಿಸಿದರು? ಇದಕ್ಕೆ ಪ್ರಬಂಧದಲ್ಲಿ ಉತ್ತರವಿಲ್ಲ. ಹೊಸ ಕೆಲಸದ ಮಾತಿಲ್ಲ, ಸಂಬಳದ ಮಾತಿಲ್ಲ, ಸಂಸಾರದ ಹೊರೆಯ ಮಾತೂ ಇಲ್ಲ. ಮಳೆ ಬಂದಂತೆ, ಹೊತ್ತು ಮುಳುಗಿದಂತೆ, ಅಗಲಿಕೆಯೂ ತಾನಾಗಿಯೇ ಬಂದುದೆಂಬ ಭಾವನೆ ಓದುವವರಲ್ಲಿ ಉಂಟಾಗುತ್ತದೆ. ಅವನು ತಾನೇ ಆರಿಸಿಕೊಂಡದ್ದು ವಿಧಿಯ ವೇಷ ತೊಟ್ಟು ನಿಂತಿದೆ.

ಸಂಬಳದ ಲೆಕ್ಕವನ್ನು ಕರುಣರಸದ ನಡುವೆ ತರುವುದು ಔಚಿತ್ಯವಲ್ಲ, ಹೇಳದೆ ಬಿಡುವುದೇ ಧ್ವನಿಯ ಮಾರ್ಗವಲ್ಲವೇ ಎಂದು ಕೆಲವರು ಕೇಳಬಹುದು. ಆಕ್ಷೇಪವು ಉಪೇಕ್ಷಿಸತಕ್ಕುದಲ್ಲ. ಆದರೆ ಧ್ವನಿ ಬೇರೆ, ಮೌನ ಬೇರೆ. ಆನಂದವರ್ಧನನು ಹೇಳುವ ಧ್ವನಿಯಲ್ಲಿ ಮಾತಾಗದ ಅರ್ಥವೇ ಸಹೃದಯನಿಗೆ ಮಾತಿಗಿಂತ ಹೆಚ್ಚು ಸ್ಫುಟವಾಗಿ ಮುಟ್ಟುತ್ತದೆ. ಇಲ್ಲಿ ಮುಚ್ಚಿಟ್ಟ ಕಾರಣವು ಪ್ರಬಂಧದೊಳಗಿಂದ ನಮಗೆ ಮುಟ್ಟುವುದಿಲ್ಲ. ಅದನ್ನು ಲೇಖಕನ ಚರಿತ್ರೆಯಿಂದಲೂ ಕಾಗದಗಳಿಂದಲೂ ಹುಡುಕಿ ತರಬೇಕಾಗುತ್ತದೆ. ಅಗಲಿಕೆಯ ಚಿತ್ರಗಳಲ್ಲಿ ನಮ್ಮವರು ಮೊದಲನೆಯದೆಂದು ಎಣಿಸುವ ಶಾಕುಂತಲದ ನಾಲ್ಕನೆಯ ಅಂಕವನ್ನು ನೋಡಬಹುದು. ಶಕುಂತಲೆ ಎಲ್ಲಿಗೆ ಹೋಗುತ್ತಾಳೆ, ಏಕೆ ಹೋಗುತ್ತಾಳೆಂಬುದು ಕಣ್ವನಿಗೂ ಸಖಿಯರಿಗೂ ಚೆನ್ನಾಗಿ ಗೊತ್ತು. ಅವಳು ಹೋಗಬೇಕಾದುದೇ ಸರಿ. ಆದರೂ ಮುನಿಯ ಗಂಟಲು ಕಟ್ಟುತ್ತದೆ. ಕಾರಣವು ಬೆಳಕಿನಲ್ಲಿರುವುದರಿಂದಲೇ ಅಲ್ಲಿ ಕರುಣೆ ಆಳವಾಗುತ್ತದೆ. ಹೋಗುವುದು ನ್ಯಾಯವೆಂದು ಒಪ್ಪಿಕೊಂಡ ಮೇಲೂ ಉಳಿಯುವ ದುಃಖವೇ ಗಟ್ಟಿಯಾದುದು.

ಹರ್ನನಿಗೆ ಈ ಮರ್ಮ ತಿಳಿಯದೆ ಇರಲಿಲ್ಲ. ಪರಿಚಿತ ಮುಖಗಳೆಷ್ಟೋ ಮರೆಯಾಗಿರುವುದರಿಂದ, ಆರು ತಿಂಗಳ ಹಿಂದೆ ಹೊರಟಿದ್ದರೆ ಆಗುತ್ತಿದ್ದಷ್ಟು ದುಃಖ ಈಗ ಆಗುತ್ತಿಲ್ಲವೆಂಬ ಅರ್ಥದ ಮಾತೊಂದನ್ನು ಪ್ರಬಂಧದ ಆರಂಭದಲ್ಲಿಯೇ ಅವನು ಆಡಿದ್ದಾನೆ. ನಮ್ಮ ಅಭಿಪ್ರಾಯದಲ್ಲಿ ಇಡೀ ಬರಹದಲ್ಲಿ ಅತ್ಯಂತ ಪ್ರಾಮಾಣಿಕವಾದ ಸ್ಥಳ ಇದೇ. ಇಲ್ಲಿ ಒಂದು ಬಾಗಿಲು ತೆರೆದಂತಾಗುತ್ತದೆ. ಹೊರಡುವವನ ಮನಸ್ಸು ಆಗಲೇ ಅರ್ಧ ಹೊರಟುಹೋಗಿದೆಯೆಂದು ತೋರುತ್ತದೆ. ಆದರೆ ಮರುಕ್ಷಣವೇ ಊರಿನ ಮೋಹವನ್ನು ಹೇಳಿ ಲೇಖಕನು ಬಾಗಿಲನ್ನು ಮುಚ್ಚಿಬಿಡುತ್ತಾನೆ. ಆ ಬಾಗಿಲಿನೊಳಗೆ ಇನ್ನೆರಡು ಹೆಜ್ಜೆ ಇಟ್ಟಿದ್ದರೆ ‘ಸಯೊನಾರ’ ಇನ್ನೂ ಮೇಲ್ಮಟ್ಟದ ಕೃತಿಯಾಗುತ್ತಿತ್ತು.

ಅದೇ ಗ್ರಂಥದ ಇನ್ನೊಂದು ಅಧ್ಯಾಯವನ್ನು ಪಕ್ಕದಲ್ಲಿಟ್ಟರೆ ಈ ಕೊರತೆಯು ಸ್ಪಷ್ಟವಾಗುತ್ತದೆ. ಇಂಗ್ಲಿಷ್ ಉಪಾಧ್ಯಾಯನೊಬ್ಬನ ದಿನಚರಿಯೆಂಬ ಹೆಸರಿನ ಆ ಅಧ್ಯಾಯದಲ್ಲಿ ಯೊಕೋಗಿ ಎಂಬ ಹುಡುಗನ ಕಥೆ ಬರುತ್ತದೆ. ರೋಗದಿಂದ ಹಾಸಿಗೆ ಹಿಡಿದ ಆ ಬಾಲಕನಿಗೆ ಒಂದು ರಾತ್ರಿ ಶಾಲೆಯನ್ನು ಕಾಣಬೇಕೆಂಬ ಹಂಬಲ ಹುಟ್ಟುತ್ತದೆ. ಮನೆಯ ಸೇವಕನು ಅವನನ್ನು ಬೆನ್ನಮೇಲೆ ಹೊತ್ತು ಕತ್ತಲಲ್ಲಿ ಶಾಲೆಗೆ ಕರೆದೊಯ್ಯುತ್ತಾನೆ. ತಾನು ಕುಳಿತು ಓದುತ್ತಿದ್ದ ಕೋಣೆಯನ್ನು ಹುಡುಗನು ಹೊರಗಿನಿಂದಲೇ ನೋಡಿ, ಎಲ್ಲವೂ ಮತ್ತೆ ನೆನಪಿಗೆ ಬಂದಿತೆಂದು ಸಂತೋಷಪಟ್ಟು ಹಿಂದಿರುಗುತ್ತಾನೆ. ಬಳಿಕ ಹೆಚ್ಚು ಕಾಲ ಬದುಕುವುದಿಲ್ಲ. ಇದನ್ನು ಬರೆಯುವಾಗ ಹರ್ನನು ಕಣ್ಣೀರನ್ನು ಬೇಡುವುದಿಲ್ಲ, ವಾಕ್ಯಗಳನ್ನು ಅಲಂಕರಿಸುವುದಿಲ್ಲ. ಸಂಗತಿಯನ್ನು ಇದ್ದಂತೆ ಇಟ್ಟಿದ್ದಾನೆ.

ಸಾಯುವ ಹುಡುಗನಿಗೆ ಬೇಕಾದುದು ಶಾಲೆ. ಬದುಕಿರುವ ಗುರುವು ಬಿಟ್ಟು ಹೋಗುವುದೂ ಅದೇ ಶಾಲೆಯನ್ನು. ಈ ಎರಡು ಚಿತ್ರಗಳೂ ಒಂದೇ ಗ್ರಂಥದಲ್ಲಿವೆ. ಆದರೆ ಬರೆದವನು ಅವುಗಳನ್ನು ಒಂದರೆದುರಿಗೆ ಒಂದನ್ನು ನಿಲ್ಲಿಸಲಿಲ್ಲ. ಗ್ರಂಥವು ಅಚ್ಚಾಗುವ ವೇಳೆಗೆ ಅವನು ಕುಮಾಮೊತೊದಲ್ಲಿ ಮೂರು ವರ್ಷಗಳನ್ನು ಕಳೆಯುತ್ತ ಬಂದಿದ್ದನು. ಹೊಸ ಊರು 1877ರ ಯುದ್ಧದಲ್ಲಿ ಸುಟ್ಟು ಮತ್ತೆ ಕಟ್ಟಿದ ದಂಡಿನ ಊರು. ಅದು ಅವನಿಗೆ ಹಿಡಿಸಲಿಲ್ಲ. ಮಾತ್ಸುಎಯ ಸಹೋದ್ಯೋಗಿಗಳ ಸ್ನೇಹವೂ ಅಲ್ಲಿ ದೊರೆಯಲಿಲ್ಲ. ಬಿಟ್ಟುಬಂದುದರ ಬೆಲೆ ಏನೆಂದು ಅವನಿಗೆ ಆಗ ಚೆನ್ನಾಗಿ ತಿಳಿದಿತ್ತು. ಆ ತಿಳಿವಳಿಕೆಯು ‘ಸಯೊನಾರ’ದೊಳಕ್ಕೆ ಇಳಿಯಲಿಲ್ಲವೆಂಬುದೇ ನಮ್ಮ ದೂರು.

ಸಂಬಳದ ಮಾತು ಸಾಹಿತ್ಯಕ್ಕೆ ಹೊಲೆಯೆಂದು ಭಾವಿಸುವವರು ನಾತ್ಸುಮೆ ಸೊಸೆಕಿಯ ‘ಬೊತ್ಚಾನ್’ ಎಂಬ ಕಾದಂಬರಿಯನ್ನು ನೋಡಬೇಕು. 1906ರಲ್ಲಿ ಹೊರಬಂದ ಈ ಕೃತಿಯ ನಾಯಕನು ಟೋಕಿಯೋದಿಂದ ಒಂದು ಹಳ್ಳಿಯಂತಹ ಪಟ್ಟಣಕ್ಕೆ ಗಣಿತದ ಉಪಾಧ್ಯಾಯನಾಗಿ ಹೋಗುತ್ತಾನೆ. ಇಲ್ಲಿ ಪರದೇಶವಿಲ್ಲ, ಆದರೂ ಆ ಊರು ಅವನಿಗೆ ಪರದೇಶದಂತೆಯೇ ಇದೆ. ಸಂಬಳ 40 ಯೆನ್. ಒಂದು ಲೋಟ ತಣ್ಣೀರಿನ ಒಂದೂವರೆ ಸೆನ್ ಋಣವೂ ಇಬ್ಬರು ಉಪಾಧ್ಯಾಯರ ನಡುವೆ ಮಾನಾಪಮಾನದ ಪ್ರಶ್ನೆಯಾಗುತ್ತದೆ. ಸಂಬಳವನ್ನು ಏರಿಸುವೆವೆಂದು ಮೇಲಿನವರು ಹೇಳಿದಾಗ, ಆ ಏರಿಕೆಯು ಇನ್ನೊಬ್ಬ ಬಡ ಉಪಾಧ್ಯಾಯನನ್ನು ಒಲ್ಲದ ಊರಿಗೆ ದೂಡಿದ್ದರ ಫಲವೆಂದು ತಿಳಿದು, ನಾಯಕನು ನಡುರಾತ್ರಿಯೆನ್ನದೆ ಹೋಗಿ ಬೇಡವೆಂದು ಹೇಳಿಬರುತ್ತಾನೆ. ಕಡೆಗೆ ಅವನೂ ಕೆಲಸವನ್ನು ನಡುವೆಯೇ ಎಸೆದು ಟೋಕಿಯೋಗೆ ಹಿಂದಿರುಗುತ್ತಾನೆ. ಟ್ರಾಮಿನ ಕಂಪೆನಿಯಲ್ಲಿ 25 ಯೆನ್ನಿನ ಕೆಲಸ ಹಿಡಿಯುತ್ತಾನೆ. ಇಲ್ಲಿ ಅಂಕಿಗಳು ಪಾತ್ರದ ಗುಣವನ್ನೇ ಬೆಳಗುತ್ತವೆ. ಒಂದನ್ನೂ ತೆಗೆಯುವಂತಿಲ್ಲ.

ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಸೇರಿಸಬೇಕು. ಕಾದಂಬರಿಯ ನಾಯಕನು ಕಡಿಮೆ ಸಂಬಳಕ್ಕೆ ಹೋದನೇ ಹೊರತು, ಕಾದಂಬರಿಕಾರನು ಹಾಗೆ ಮಾಡಲಿಲ್ಲ. ಸೊಸೆಕಿಯು 1895ರಲ್ಲಿ ಮಾತ್ಸುಯಾಮದ ಶಾಲೆಗೆ 80 ಯೆನ್ನಿಗೆ ಹೋಗಿ, ಒಂದೇ ವರ್ಷದಲ್ಲಿ ಅದನ್ನು ಬಿಟ್ಟು 100 ಯೆನ್ನಿನ ಮೇಲೆ ಕುಮಾಮೊತೊವಿನ ಅದೇ ಉಚ್ಚ ಶಾಲೆಯನ್ನು ಸೇರಿದನು. ಹೀಗೆ ಇಬ್ಬರೂ ಹೆಚ್ಚಿನ ಸಂಬಳದ ದಾರಿಯನ್ನೇ ಹಿಡಿದವರು. ಒಬ್ಬನು ತಾನು ಮಾಡದುದನ್ನು ಕಲ್ಪಿತ ನಾಯಕನಿಂದ ಮಾಡಿಸಿ ನಕ್ಕನು. ಇನ್ನೊಬ್ಬನು ತಾನು ಮಾಡಿದುದನ್ನು ಹೇಳದೆ ನಿಟ್ಟುಸಿರುಬಿಟ್ಟನು. ನಗುವಿನಲ್ಲಿ ಸತ್ಯಕ್ಕೆ ಹೆಚ್ಚು ಜಾಗ ದೊರೆತುದು ವಿಚಾರಮಾಡತಕ್ಕ ವಿಷಯ.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಹರ್ನನು 1894ರಲ್ಲಿ ಕುಮಾಮೊತೊವನ್ನೂ ಬಿಟ್ಟು ಕೋಬೆಯ ಒಂದು ಪತ್ರಿಕೆಯನ್ನು ಸೇರಿದನು. 1896ರಲ್ಲಿ ಜಪಾನಿನ ಪ್ರಜೆಯಾಗಿ ಕೊಯಿಜುಮಿ ಯಾಕುಮೊ ಎಂಬ ಹೆಸರನ್ನು ತಳೆದನು. ಅದೇ ವರ್ಷ ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಸಾಹಿತ್ಯದ ಉಪನ್ಯಾಸಕನಾದನು. 1903ರಲ್ಲಿ ವಿಶ್ವವಿದ್ಯಾನಿಲಯವು ಅವನ ಕರಾರನ್ನು ಮುಂದುವರಿಸಲಿಲ್ಲ. ಕರಾರಿಗೆ ಎರಡು ಬದಿಗಳುಂಟೆಂಬುದನ್ನು ಅವನು ಈ ಸಲ ಉಳಿದವರ ಕಡೆ ನಿಂತು ಅನುಭವಿಸಿದನು. ವಿದ್ಯಾರ್ಥಿಗಳು ಕಳವಳಗೊಂಡರು, ಅವನ ಮನಸ್ಸು ಬಹಳ ನೊಂದಿತು. ಅವನ ಸ್ಥಾನಕ್ಕೆ ಬಂದವರಲ್ಲಿ ಒಬ್ಬನು ಇಂಗ್ಲೆಂಡಿನಿಂದ ಹಿಂದಿರುಗಿದ್ದ ಸೊಸೆಕಿ. ಮರುವರ್ಷ, 1904ರ ಸೆಪ್ಟೆಂಬರ್ 26ರಂದು ಹರ್ನನು ತೀರಿಕೊಂಡನು.

ಆದರೆ ಮಾತ್ಸುಎಯ ಋಣವನ್ನು ಅವನು ಮರೆತನೆಂದು ತಿಳಿಯಬಾರದು. 1895ರಲ್ಲಿ ಪ್ರಕಟವಾದ ‘ಔಟ್ ಆಫ್ ದಿ ಈಸ್ಟ್’ ಗ್ರಂಥವನ್ನು ಇಜುಮೊದ ದಿನಗಳ ನೆನಪಿಗಾಗಿ ಅಲ್ಲಿಯ ಶಾಲೆಯ ಗೆಳೆಯ ನಿಶಿದ ಸೆಂತರೋವಿಗೆ ಅರ್ಪಿಸಿದನು. ಮಾತ್ಸುಎಯ ಶಿಷ್ಯನಾದ ಓತಾನಿ ಎಂಬವನು ಟೋಕಿಯೋಗೆ ಓದಲು ಬಂದಾಗ ಅವನಿಗೆ ಹಣದ ನೆರವಿತ್ತು, ತನ್ನ ಗ್ರಂಥಗಳಿಗೆ ಬೇಕಾದ ಸಾಮಗ್ರಿಯನ್ನು ಅವನಿಂದ ಕೂಡಿಸಿಕೊಂಡನು. ಕುಮಾಮೊತೊದ ಹೆಚ್ಚಿನ ಸಂಬಳವೂ ಬಿಡುವೂ ಇಲ್ಲದೆ ಹೋಗಿದ್ದರೆ, ಮಾತ್ಸುಎಯ ಹೆಸರನ್ನು ಲೋಕಕ್ಕೆ ತಿಳಿಸಿದ ಆ ಎರಡು ಸಂಪುಟಗಳು ಆ ರೂಪದಲ್ಲಿ ಸಿದ್ಧವಾಗುತ್ತಿದ್ದುವೋ ಇಲ್ಲವೋ. ಊರನ್ನು ಬಿಟ್ಟುದರಿಂದಲೇ ಅವನು ಆ ಊರಿಗೆ ಚಿರಸ್ಥಾಯಿಯಾದ ಉಪಕಾರವನ್ನು ಮಾಡಿದನೆಂದರೂ ತಪ್ಪಾಗದು.

ಆದುದರಿಂದಲೇ ಆ ಒಂದು ಮಾತನ್ನು ಹೇಳಿಬಿಡಬಹುದಾಗಿತ್ತೆಂದು ನಮಗೆ ತೋರುತ್ತದೆ. ಮನೆ ದೊಡ್ಡದಾಯಿತು, ಸಂಬಳ ಸಾಲದು, ಅದಕ್ಕಾಗಿ ಹೋಗುತ್ತೇನೆ ಎಂದು ಅವನು ಬರೆದಿದ್ದರೆ ಮಾತ್ಸುಎಯ ಹುಡುಗರ ಪ್ರೀತಿಯು ಕಿರಿದಾಗುತ್ತಿರಲಿಲ್ಲ. ಅವರು ಕೊಟ್ಟ ಕತ್ತಿಯ ತೂಕ ಇನ್ನೂ ಹೆಚ್ಚಾಗುತ್ತಿತ್ತು. ತಮ್ಮನ್ನು ಬಿಟ್ಟು ಹೆಚ್ಚಿನದಕ್ಕೆ ಹೋಗುವವನೆಂದು ತಿಳಿದೂ ಮಕ್ಕಳು ಹಡಗುಕಟ್ಟೆಯವರೆಗೆ ಬಂದರೆಂಬುದಕ್ಕಿಂತ ದೊಡ್ಡ ಪ್ರಶಂಸೆ ಆ ಮಕ್ಕಳಿಗೆ ಯಾವುದಿದೆ? ‘ಸಯೊನಾರ’ವನ್ನು ವಾಚಕರು ಅವಶ್ಯವಾಗಿ ಓದಬೇಕು, ಓದಿದ ಮೇಲೆ ಯೊಕೋಗಿಯ ಕಥೆಯನ್ನು ಮತ್ತೊಮ್ಮೆ ಓದಬೇಕು. ಗುರುವು ಹೇಳದೆ ಬಿಟ್ಟ ಮಾತು ಆ ಶಿಷ್ಯನ ಕಥೆಯ ಪಕ್ಕದಲ್ಲಿ ತಾನಾಗಿಯೇ ಕೇಳಿಬರುವುದೆಂದು ನಮ್ಮ ನಂಬಿಕೆ.