ಲ್ಯಾಪ್‌ಟಾಪಿನ ಕಿಂಡಿಗಳು: ಒಂದು ವಿಮರ್ಶೆ

ಕಳೆದ ರಾಜ್ಯೋತ್ಸವದಂದು ನಮ್ಮ ಸಂಘದ ಸಭಾಂಗಣದಲ್ಲಿ ನಡೆದ ಪ್ರಸಂಗ ವಾಚಕರಲ್ಲಿ ಹಲವರಿಗೆ ನೆನಪಿರಬಹುದು. ಮಕ್ಕಳು ಶ್ರಮವಹಿಸಿ ಸಿದ್ಧಪಡಿಸಿದ್ದ ಹಂಪೆಯ ಚಿತ್ರಮಾಲಿಕೆ ಹೊಸ ಲ್ಯಾಪ್‌ಟಾಪಿನೊಳಗೇ ಉಳಿಯಿತು. ಪ್ರೊಜೆಕ್ಟರಿನ ತಂತಿಗೆ ತಕ್ಕ ಕಿಂಡಿ ಆ ಯಂತ್ರದಲ್ಲಿರಲಿಲ್ಲ. ಅಡಾಪ್ಟರೊಂದನ್ನು ತಂದು, ಮೊಬೈಲಿನ ತಂತಿಯಿಂದ ಜೋಡಿಸಿ ನೋಡಿದೆವು; ಆದರೂ ತೆರೆ ಬೆಳಗಲಿಲ್ಲ. ಮಕ್ಕಳ ಮುಖ ಬಾಡಿತು.

ತಪ್ಪು ಯಾರದು? ಮೊದಲಿಗೆ ನಮ್ಮದೇ. ಕೊಳ್ಳುವಾಗ ನಾವು ಬೆಲೆ, ತೂಕ, ಪರದೆಯ ಹೊಳಪು ನೋಡುತ್ತೇವೆಯೇ ಹೊರತು ಅಂಚನ್ನು ತಿರುಗಿಸಿ ನೋಡುವುದಿಲ್ಲ. ಆದರೆ ತಯಾರಕರ ಪಾಲೂ ಕಡಿಮೆಯೇನಲ್ಲ.

ಹಳೆಯ ಯಂತ್ರಗಳಲ್ಲಿ ಒಂದು ಸದ್ಗುಣವಿತ್ತು. ಚಿತ್ರಕ್ಕೆ ವಿಜಿಎ ಅಥವಾ ಎಚ್‌ಡಿಎಂಐ, ಜಾಲಕ್ಕೆ ಈಥರ್ನೆಟ್, ಧ್ವನಿಗೆ ೩.೫ ಮಿಲಿಮೀಟರಿನ ದುಂಡು ತೂತು; ಆಕಾರ ಕಂಡರೆ ಕೆಲಸ ತಿಳಿಯುತ್ತಿತ್ತು. ೨೦೧೪ರಲ್ಲಿ ಬಂದ ಯುಎಸ್‌ಬಿ-ಸಿ ಇವೆಲ್ಲವನ್ನೂ ಒಂದೇ ಕಿಂಡಿಯಲ್ಲಿ ಸಾಧಿಸುವ ಭರವಸೆ ಕೊಟ್ಟಿತು. ಹೇಗೆ ತಿರುಗಿಸಿದರೂ ಕೂಡುವ ಅದರ ಸೌಕರ್ಯವನ್ನು ನಾವು ಮೆಚ್ಚುತ್ತೇವೆ. ಆದರೆ 'ಸಿ' ಎಂಬುದು ಆಕಾರದ ಹೆಸರು, ಸಾಮರ್ಥ್ಯದ ಹೆಸರಲ್ಲ. ನೋಡಲು ಅವಳಿಗಳಂತಿರುವ ಎರಡು ಕಿಂಡಿಗಳಲ್ಲಿ ಒಂದು ಸೆಕೆಂಡಿಗೆ ೫ ಗಿಗಾಬಿಟ್ ಸಾಗಿಸಿದರೆ, ಥಂಡರ್‌ಬೋಲ್ಟ್ ೩ ಇರುವ ಇನ್ನೊಂದು ೪೦ ಸಾಗಿಸೀತು. ಒಂದು ಚಿತ್ರವನ್ನು ಹೊರಕ್ಕೆ ಕಳಿಸೀತು, ಇನ್ನೊಂದು ಕಳಿಸದು. ತಂತಿಗಳ ಕಥೆಯೂ ಇದೇ. ಮೊಬೈಲಿಗೆ ಚಾರ್ಜು ತುಂಬುವ ಅನೇಕ ತಂತಿಗಳಲ್ಲಿ ಚಿತ್ರ ಒಯ್ಯುವ ಎಳೆಗಳೇ ಇರುವುದಿಲ್ಲ. ನಮ್ಮ ತೆರೆ ಬೆಳಗದಿದ್ದುದು ಇದರಿಂದಲೇ.

ಪ್ರಖ್ಯಾತರೂ ಎಡವಿದ್ದಾರೆ. ಆಪಲ್ ಸಂಸ್ಥೆ ೨೦೧೬ರ ಹೊಸ ಮ್ಯಾಕ್‌ಬುಕ್ ಪ್ರೊದಲ್ಲಿ ಎಚ್‌ಡಿಎಂಐ, ಎಸ್‌ಡಿ ಕಾರ್ಡಿನ ಕಿಂಡಿ, ಅಗಲ ಬಾಯಿಯ ಹಳೆಯ ಯುಎಸ್‌ಬಿ, ಮೂರನ್ನೂ ಕೈಬಿಟ್ಟಿತು. ೨೦೨೧ರ ೧೪ ಮತ್ತು ೧೬ ಇಂಚಿನ ಮಾದರಿಗಳಲ್ಲಿ ಮೊದಲೆರಡನ್ನು ಮರಳಿ ತಂದಿತು. ನಡುವಿನ ಐದು ವರ್ಷ ಬಳಸುವವರು ಅಡಾಪ್ಟರು ಹೊತ್ತು ತಿರುಗಿದರು. ಯಂತ್ರ ತೆಳ್ಳಗಾಯಿತು ನಿಜ, ಅದರ ಭಾರ ಚೀಲಕ್ಕೆ ವರ್ಗವಾಯಿತಷ್ಟೆ.

ಊರಿನ ಅಜ್ಜಿಯೊಡನೆ ಮುಖ ನೋಡಿ ಮಾತಾಡುವ ನಮ್ಮಂಥ ಮನೆಗಳಿಗೆ ಕ್ಯಾಮೆರಾ, ಮೈಕುಗಳೂ ಮುಖ್ಯ. ೭೨೦ಪಿ ಕ್ಯಾಮೆರಾಕ್ಕಿಂತ ೧೦೮೦ಪಿ ಲೇಸು. ಆದರೂ ಅಂಗಡಿಯಲ್ಲೇ ಮಾತಾಡಿ ನೋಡುವುದು ಉತ್ತಮ.

ಕಿಂಡಿಯ ಪಕ್ಕದಲ್ಲಿ ಮಿಂಚಿನ ಬಾಣವಿದ್ದರೆ ಸಾಮಾನ್ಯವಾಗಿ ಥಂಡರ್‌ಬೋಲ್ಟ್, 'ಡಿ' 'ಪಿ' ಅಕ್ಷರಗಳ ಗುರುತಿದ್ದರೆ ಚಿತ್ರ ಹೊರಡುತ್ತದೆ. ದುರ್ದೈವವೆಂದರೆ ಎಷ್ಟೋ ಯಂತ್ರಗಳಲ್ಲಿ ಯಾವ ಗುರುತೂ ಇಲ್ಲ. ಸಾವಿರಾರು ರೂಪಾಯಿಯ ಯಂತ್ರಕ್ಕೆ ಒಂದು ಹನಿ ಬಣ್ಣ ದುಬಾರಿಯೇ? ಈ ನವೆಂಬರಿನಲ್ಲಾದರೂ ಮಕ್ಕಳ ಹಂಪೆ ತೆರೆಯ ಮೇಲೆ ಮೂಡಲಿ. ತಂತಿಯನ್ನು ಹಿಂದಿನ ದಿನವೇ ಜೋಡಿಸಿ ನೋಡುವ ಹೊಣೆ ನಮ್ಮದು.